ಬೇಸಾಯಗಾರರ ಪಾದ ರಕ್ಷಣೆ: ಸಾಮಾನ್ಯ ತೊಂದರೆಗಳು ಮತ್ತು ಶಸ್ತ್ರಚಿಕಿತ್ಸೆ

ಎತ್ತಿನ ಗೊರಸು ಸವೆದರೆ ನಾವು ಲಾಳ ಕಟ್ಟಿಸುತ್ತೇವೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತೇವೆ. ಟ್ರ್ಯಾಕ್ಟರಿನ ಟೈರಿನಲ್ಲಿ ಗಾಳಿ ಇಳಿದರೆ ಅಂದೇ ಗಮನಿಸುತ್ತೇವೆ. ಆದರೆ ಉಳುವ, ನಾಟಿ ಮಾಡುವ, ಕಳೆ ಕೀಳುವ, ರಾತ್ರಿ ಎದ್ದು ನೀರು ಕಟ್ಟುವ ನಮ್ಮ ಎರಡು ಪಾದಗಳನ್ನು ನಾವು ನೋಡುವುದು ಅವು ನೋಯಲು ಆರಂಭಿಸಿದ ಮೇಲೆಯೇ. ನೋಯದೆ ಕೆಡುವ ಪಾದವನ್ನಂತೂ ನಾವು ನೋಡುವುದೇ ಇಲ್ಲ. ಈ ಪಾಠದ ಮುಖ್ಯ ವಿಷಯ ಅದೇ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಪಾದಕ್ಕೆ ಎರಡು ಬಗೆಯ ಕಷ್ಟವಿದೆ. ಕಬಿನಿ ಬಲದಂಡೆ ನಾಲೆ, ವರುಣಾ ನಾಲೆ ಹಾಗೂ ಮಾಧವಮಂತ್ರಿ ನಾಲೆಗಳ ಬಯಲಿನಲ್ಲಿ ಭತ್ತದ ಗದ್ದೆಯ ಕೆಸರು ಮತ್ತು ಕಬ್ಬಿನ ಕೂಳೆ. ನಾಲೆಯ ನೀರು ಹತ್ತದ ಖುಷ್ಕಿಯಲ್ಲಿ ಜಾಲಿಮುಳ್ಳು, ಹತ್ತಿಕಡ್ಡಿ ಮತ್ತು ಕಾದ ನೆಲ. ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದ ಅಧ್ಯಾಪಕ. ಆದರೂ ಈ ವಿಷಯವನ್ನು ಬರೆಯಲು ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೂಳೆ ಕಬ್ಬಿನ ಪ್ರಾತ್ಯಕ್ಷಿಕೆ ನೋಡಲು ಹೋಗಿದ್ದೆ. ಜಮೀನಿನ ಯಜಮಾನರು, ಐವತ್ತೈದರ ಆಸುಪಾಸಿನವರು, ಬರಿಗಾಲಿನಲ್ಲಿ ನನ್ನೊಡನೆ ತಾಕಿನ ಉದ್ದಕ್ಕೂ ನಡೆದರು. ಬದುವಿಗೆ ಬಂದಾಗ ಅವರ ಹೆಜ್ಜೆಯ ಗುರುತಿನಲ್ಲಿ ರಕ್ತ ಕಂಡಿತು. ಅಂಗಾಲಿಗೆ ಕೂಳೆಯ ಮೊನೆ ಚುಚ್ಚಿಕೊಂಡಿತ್ತು. ನಾನು ಗಾಬರಿಯಾದರೆ ಅವರು ನಕ್ಕು, “ನೋವೇನಿಲ್ಲ ಸಾ, ಅದೇ ಮಾಯ್ತದೆ” ಎಂದರು. ನೋವಿಲ್ಲವೆಂದ ಮೇಲೆ ದೊಡ್ಡ ಗಾಯವಲ್ಲವೆಂದು ನಾನೂ ತಿಳಿದೆ. ಎರಡು ತಿಂಗಳ ನಂತರ ಹೋದಾಗ ಅವರಿಗೆ ಆ ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ನೋವಿಲ್ಲ ಎಂಬ ಆ ಮಾತೇ ಎಲ್ಲಕ್ಕಿಂತ ದೊಡ್ಡ ರೋಗಲಕ್ಷಣವಾಗಿತ್ತೆಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಅಂದಿನಿಂದ ವೈದ್ಯ ಮಿತ್ರರನ್ನು ಕೇಳಿ, ಓದಿ ತಿಳಿದುಕೊಂಡ ವಿಷಯಗಳನ್ನು ರೈತ ಬಾಂಧವರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಇಲ್ಲಿ ತಿಳಿಸಲಾಗಿದೆ.

ಪಾದದ ರಚನೆ

ಒಂದು ಪಾದದಲ್ಲಿ 26 ಮೂಳೆಗಳಿವೆ. ಕಾಲಿನ ಎರಡು ಮೂಳೆಗಳ ತುದಿಗಳು ಪಾದದ ಒಂದು ಮೂಳೆಯನ್ನು ಎರಡು ಕಡೆಯಿಂದ ಹಿಡಿದುಕೊಂಡಿರುವ ಜಾಗವೇ ಹರಡು, ಅಂದರೆ ಕಾಲಿನ ಗಿಣ್ಣು. ಹಿಮ್ಮಡಿಯ ಹಿಂದೆ ಕೈಗೆ ಹುರಿಯಂತೆ ಸಿಗುವುದು ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಸ್ನಾಯುರಜ್ಜು. ದೇಹದಲ್ಲೆಲ್ಲ ಅತಿ ದಪ್ಪವಾದ ಸ್ನಾಯುರಜ್ಜು ಇದೇ. ಅಂಗಾಲಿನ ಚರ್ಮ ದಪ್ಪವಾಗಿರುವುದರಿಂದ ಒಳಗೆ ಸೇರಿದ ಕೀವು ಸುಲಭವಾಗಿ ಹೊರಕ್ಕೆ ಒಡೆಯುವುದಿಲ್ಲ. ಮೂಳೆ, ಸ್ನಾಯುಗಳ ನಡುವಿನ ಸಂದುಗಳಲ್ಲಿ ಮೇಲಕ್ಕೆ ಹರಡುತ್ತದೆ. ಆದ್ದರಿಂದ ಹೊರಗೆ ಚಿಕ್ಕದಾಗಿ ಕಾಣುವ ಅಂಗಾಲಿನ ಗಾಯ ಒಳಗೆ ದೊಡ್ಡದಾಗಿರಬಹುದು.

ಕೆಸರಿನಿಂದ ಬರುವ ತೊಂದರೆಗಳು

1. ಬೆರಳ ಸಂದಿಯ ಹುಣ್ಣು: ನಾಟಿ ಮತ್ತು ಕಳೆ ತೆಗೆಯುವ ಕಾಲದಲ್ಲಿ ಪಾದಗಳು ದಿನವಿಡೀ ನೀರಿನಲ್ಲಿರುತ್ತವೆ. ಬೆರಳ ಸಂದಿಯ ಚರ್ಮ ಬೆಳ್ಳಗೆ ಮೆತ್ತಗಾಗಿ ಬಿರಿಯುತ್ತದೆ. ಅಲ್ಲಿ ಬೂಷ್ಟು ಜಾತಿಯ ರೋಗಾಣು ಬೆಳೆದು ನವೆ, ಉರಿ ಮತ್ತು ವಾಸನೆ ಬರುತ್ತದೆ. ನಾಟಿ ಮಾಡುವ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಸಂಜೆ ಸೋಪಿನಿಂದ ತೊಳೆದು, ಹಳೆಯ ಹತ್ತಿಬಟ್ಟೆಯಿಂದ ಪ್ರತಿ ಸಂದಿಯನ್ನೂ ಒರೆಸಿ ಒಣಗಿಸಬೇಕು. ವೈದ್ಯರು ಕೊಡುವ ಕ್ಲೋಟ್ರಿಮಜೋಲ್‌ನಂತಹ ಮುಲಾಮನ್ನು ನವೆ ನಿಂತ ಮೇಲೂ ಹೇಳಿದಷ್ಟು ದಿನ ಹಚ್ಚಬೇಕು. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ಹಿತವೆನಿಸಿದರೂ ರೋಗವನ್ನು ಹರಡಿಸುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ಈ ಬಿರುಕಿನಿಂದಲೇ ಬೇರೆ ರೋಗಾಣುಗಳು ಒಳಹೊಕ್ಕು ಪಾದ ಕೆಂಪಗೆ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಲಿಜ್ವರದ ರೋಗಾಣುವೂ ಕೆಸರಿನಲ್ಲಿರುವ ಬಿರುಕುಗಾಲಿನ ಮೂಲಕ ಬರಬಲ್ಲದು. ಗದ್ದೆ ಕೆಲಸದ ನಂತರದ ದಿನಗಳಲ್ಲಿ ಮೈಕೈ ನೋವಿನೊಡನೆ ಜ್ವರ ಬಂದರೆ ಗದ್ದೆಯಲ್ಲಿ ಇಳಿದಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

2. ಹಿಮ್ಮಡಿ ಒಡಕು: ನೀರು ಮತ್ತು ಬಿಸಿಲು ಒಂದರ ನಂತರ ಒಂದು ತಾಗಿದಾಗ ದಪ್ಪ ಚರ್ಮ ಒಣಗಿ ಸೀಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಒರಟು ಕಲ್ಲಿನಿಂದ ಮೃದುವಾಗಿ ಉಜ್ಜಿ, ಒರೆಸಿ, ರಾತ್ರಿ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಬೇಕು. ಬ್ಲೇಡಿನಿಂದ ಹೆರೆಯಬಾರದು. ಸಕ್ಕರೆ ಕಾಯಿಲೆ ಇರುವವರು ನೆನೆಸಬಾರದು, ಉಜ್ಜಬಾರದು. ಎಣ್ಣೆ ಮಾತ್ರ ಹಚ್ಚಬೇಕು, ಅದೂ ಬೆರಳ ಸಂದಿಗೆ ಬೇಡ. ಒಡೆದ ಹಿಮ್ಮಡಿಯಲ್ಲಿ ಬರಿಗಾಲಿನಿಂದ ಯೂರಿಯಾ ಎರಚಲು ಇಳಿಯುವುದು ಗಾಯಕ್ಕೆ ಉಪ್ಪು ಸವರಿದಂತೆ.

3. ಉಗುರಿನ ತೊಂದರೆ: ಹೆಬ್ಬೆರಳಿನ ಉಗುರನ್ನು ಮೂಲೆಗಳಲ್ಲಿ ಆಳವಾಗಿ ಕತ್ತರಿಸಿದರೆ ಅದು ಮಾಂಸದೊಳಗೆ ಬೆಳೆದು ಕೀವಾಗುತ್ತದೆ. ಉಗುರನ್ನು ನೇರವಾಗಿ ಕತ್ತರಿಸಬೇಕು. ಪದೇ ಪದೇ ಕೀವಾಗುತ್ತಿದ್ದರೆ ಬೆರಳಿಗೆ ಮಾತ್ರ ಮರಗಟ್ಟುವ ಸೂಜಿಮದ್ದು ಕೊಟ್ಟು ಉಗುರಿನ ಆ ಅಂಚನ್ನು ತೆಗೆಯುತ್ತಾರೆ. ಇದು ಚಿಕ್ಕ ಶಸ್ತ್ರಚಿಕಿತ್ಸೆ. ಅಂದೇ ಮನೆಗೆ ಬರಬಹುದು.

ಮುಳ್ಳು, ಕೂಳೆ ಮತ್ತು ಆಣಿ

ಚುಚ್ಚಿದ ಗಾಯಕ್ಕೆ ಮೊದಲ ಚಿಕಿತ್ಸೆ ನೀರು ಮತ್ತು ಸೋಪು. ಹರಿಯುವ ಶುದ್ಧ ನೀರಿನಲ್ಲಿ ಐದು ಹತ್ತು ನಿಮಿಷ ತೊಳೆದು ಒಗೆದ ಬಟ್ಟೆ ಕಟ್ಟಬೇಕು. ಸುಣ್ಣ, ಕಾಫಿಪುಡಿ, ಸೀಮೆಎಣ್ಣೆ, ಸಗಣಿ ಇವನ್ನು ಹಚ್ಚಬಾರದು. ಧನುರ್ವಾಯುವಿನ ಬೀಜಾಣುಗಳು ಇರುವುದೇ ಮಣ್ಣು ಮತ್ತು ಸಗಣಿಯಲ್ಲಿ. ಕೊಳೆಯ ಗಾಯವಾಗಿ, ಹಿಂದಿನ ಧನುರ್ವಾಯು ಲಸಿಕೆಗೆ 5 ವರ್ಷ ಮೀರಿದ್ದರೆ ಮತ್ತೆ ಲಸಿಕೆ ಹಾಕಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ದೊರೆಯುತ್ತದೆ.

ಮುಳ್ಳಿನ ತುದಿ ಒಳಗೆ ಮುರಿದು ಉಳಿದರೆ ಗಾಯ ಮಾಯ್ದಂತೆ ಕಂಡು ಮತ್ತೆ ಮತ್ತೆ ಊದುತ್ತದೆ. ಕಬ್ಬಿಣದ ಮೊಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಜಾಲಿಮುಳ್ಳು, ಕೂಳೆಚೂರು ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಸ್ಕ್ಯಾನಿಂಗ್ ಬೇಕು. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದು ಸುಮ್ಮನಾಗಬಾರದು. ಸೂಜಿ, ಪಿನ್ನುಗಳಿಂದ ಮನೆಯಲ್ಲಿ ಅಗೆಯುವುದಕ್ಕಿಂತ ಮರಗಟ್ಟಿಸಿ ಚರ್ಮ ಸೀಳಿ ತೆಗೆಸುವುದು ಕ್ಷೇಮ. ಕೀವು ತುಂಬಿದ ಕುರುವಾಗಿದ್ದರೆ ಮಾತ್ರೆಯೊಂದರಿಂದಲೇ ವಾಸಿಯಾಗುವುದಿಲ್ಲ. ನಿಂತ ನೀರನ್ನು ಗದ್ದೆಯಿಂದ ಹರಿಯಬಿಡಲು ಬಸಿಗಾಲುವೆ ತೆಗೆಯುವಂತೆ ಕುರುವನ್ನು ಕೊಯ್ದು ಕೀವಿಗೆ ದಾರಿ ಮಾಡಬೇಕು.

ಮುಳ್ಳಿನಿಂದಲೇ ಆರಂಭವಾಗುವ ಇನ್ನೊಂದು ರೋಗ ಮದುರಾ ಪಾದ. ಇದನ್ನು 1842ರಲ್ಲಿ ಮದುರೆಯಲ್ಲಿ ಗಿಲ್ ಎಂಬ ವೈದ್ಯರು ವರದಿ ಮಾಡಿದ್ದರಿಂದ ಈ ಹೆಸರು ಬಂತು. ಮಣ್ಣಿನಲ್ಲಿರುವ ರೋಗಾಣು ಮುಳ್ಳಿನೊಡನೆ ಒಳಸೇರಿ, ತಿಂಗಳು ವರ್ಷಗಳ ಕಾಲ ಪಾದ ನೋವಿಲ್ಲದೆ ಗಟ್ಟಿಯಾಗಿ ಊದುತ್ತದೆ. ಆಮೇಲೆ ಅಲ್ಲಲ್ಲಿ ತೂತಾಗಿ ಕಪ್ಪು, ಬಿಳಿ ಅಥವಾ ಹಳದಿ ಬಣ್ಣದ ರಾಗಿಗಿಂತ ಸಣ್ಣ ಹರಳುಗಳು ಕೀವಿನೊಡನೆ ಬರುತ್ತವೆ. ಒಂದು ಬಗೆ ಬ್ಯಾಕ್ಟೀರಿಯಾದಿಂದ ಬರುವಂಥದು. ತಿಂಗಳುಗಟ್ಟಲೆ ಔಷಧಿ ಸೇವಿಸಿದರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ಇನ್ನೊಂದು ಶಿಲೀಂಧ್ರದಿಂದ ಬರುವಂಥದು. ಇದಕ್ಕೆ ಔಷಧಿಯ ಜೊತೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಗಂಟು ಚಿಕ್ಕದಿದ್ದಾಗ ಪೂರ್ತಿಯಾಗಿ ತೆಗೆಯಬಹುದು. ಮೂಳೆಗೆ ಇಳಿದ ಮೇಲೆ ಕಾಲನ್ನೇ ತೆಗೆಯಬೇಕಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಇದನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ಆಣಿ ಎಂದರೆ ಒಂದೇ ಜಾಗದಲ್ಲಿ ಒತ್ತಡ ಬಿದ್ದು ಚರ್ಮ ಬೆಣೆಯಂತೆ ಒಳಗೆ ಬೆಳೆಯುವುದು. ಒತ್ತಡ ತಪ್ಪಿಸದೆ ಆಣಿಯನ್ನಷ್ಟೇ ಕೊಯ್ದರೆ ಮತ್ತೆ ಬರುತ್ತದೆ. ಮೊದಲು ಮೆತ್ತನೆಯ ಒಳಅಟ್ಟೆಯ ಚಪ್ಪಲಿ ಹಾಕಿ ನೋಡಬೇಕು. ಸಕ್ಕರೆ ಕಾಯಿಲೆಯವರು ಆಣಿಪಟ್ಟಿ, ಆಣಿಮದ್ದುಗಳನ್ನು ಬಳಸಲೇಬಾರದು. ಅವುಗಳಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಟ್ಟು ಹುಣ್ಣು ಮಾಡುತ್ತದೆ.

ಉಳುಕು, ಮುರಿತ ಮತ್ತು ಕೊಯ್ತ

ಬದುವಿನ ಮೇಲೆ ಜಾರಿ ಹರಡು ಹೊರಳುವುದು ಸಾಮಾನ್ಯ. ಬರಿಯ ಉಳುಕಾದರೆ ವಿಶ್ರಾಂತಿ ಕೊಟ್ಟು, ತಣ್ಣೀರಿನ ಬಟ್ಟೆ ಅಥವಾ ಮಂಜುಗಡ್ಡೆ ಇಟ್ಟು, ಅಗಲವಾದ ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟರೆ ಇಳಿಯುತ್ತದೆ. ಮೊದಲ ಎರಡು ದಿನ ಎಣ್ಣೆ ಹಾಕಿ ಬಲವಾಗಿ ನೀವಬಾರದು. ಬಿದ್ದ ತಕ್ಷಣ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಅಥವಾ ಗಿಣ್ಣಿನ ಎರಡು ಪಕ್ಕದ ಮೂಳೆಯ ಹಿಂದಿನ ಅಂಚನ್ನು ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಬೇಕು. ಮುರಿದ ಮೂಳೆ ಜಾಗ ಬಿಟ್ಟು ಸರಿದಿಲ್ಲವಾದರೆ ಪ್ಲಾಸ್ಟರ್ ಸಾಕು. ಸರಿದಿದ್ದರೆ ತಟ್ಟೆ, ಸ್ಕ್ರೂಗಳಿಂದ ಕೂಡಿಸುತ್ತಾರೆ. ಹರಡು ನಮ್ಮ ದೇಹದ ಭಾರವನ್ನೆಲ್ಲ ಹೊರುವ ಕೀಲು. ಓರೆಯಾಗಿ ಕೂಡಿದರೆ ಮುಂದೆ ಕೀಲು ಸವೆದು ಜೀವನಪರ್ಯಂತ ಕುಂಟಬೇಕಾಗುತ್ತದೆ.

ನಾಟಿ ಕಟ್ಟು ಹಾಕಿಸುವ ರೂಢಿ ನಮ್ಮಲ್ಲಿದೆ. ಎಲ್ಲಿಯೇ ಕಟ್ಟಿಸಿರಲಿ, ಕಟ್ಟಿದ ಮೇಲೆ ಬೆರಳುಗಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಅಥವಾ ನೋವು ಏರುತ್ತಲೇ ಹೋದರೆ ಕಟ್ಟು ರಕ್ತ ಸಂಚಾರವನ್ನು ತಡೆದಿದೆ ಎಂದು ಅರ್ಥ. ಬೆಳಗಾಗುವವರೆಗೆ ಕಾಯದೆ ಸಡಿಲಿಸಿ ಆಸ್ಪತ್ರೆಗೆ ಒಯ್ಯಬೇಕು. ಕೆಲವೇ ಗಂಟೆಗಳಲ್ಲಿ ಮಾಂಸ ಸಾಯುತ್ತದೆ. ಆಸ್ಪತ್ರೆಯ ಪ್ಲಾಸ್ಟರಿಗೂ ಇದೇ ಮಾತು ಅನ್ವಯಿಸುತ್ತದೆ.

ಕಬ್ಬು ಕಡಿಯುವಾಗ ಮಚ್ಚು ತಪ್ಪಿ, ಭತ್ತ ಕೊಯ್ಯುವಾಗ ಕುಡುಗೋಲು ತಪ್ಪಿ ಹಿಮ್ಮಡಿಯ ಹಿಂಭಾಗಕ್ಕೆ ಬಿದ್ದರೆ ಸ್ನಾಯುರಜ್ಜು ತುಂಡಾಗಿರಬಹುದು. ಗಾಯಾಳು ಬೋರಲು ಮಲಗಿರುವಾಗ ಮೀನಖಂಡವನ್ನು ಹಿಂಡಿದರೆ ಪಾದ ಅಲುಗಬೇಕು. ಅಲುಗದಿದ್ದರೆ ಹುರಿ ತುಂಡಾಗಿದೆ. ಮೇಲಿನ ಚರ್ಮವನ್ನಷ್ಟೇ ಹೊಲಿಸಿ ಬಂದರೆ ತುಂಗಾಲಿನಲ್ಲಿ ನಿಲ್ಲುವ ಶಕ್ತಿ ಹೋಗುತ್ತದೆ. ಒಳಗಿನ ಹುರಿಯನ್ನೂ ಬೇಗನೆ ಹೊಲಿಸಬೇಕು. ತೆಂಗಿನ ಮರದಿಂದ ಹಿಮ್ಮಡಿಯೂರಿ ಬಿದ್ದವರಿಗೆ ಹಿಮ್ಮಡಿ ಮೂಳೆಯೊಡನೆ ಬೆನ್ನುಮೂಳೆಯೂ ಮುರಿದಿರಬಹುದಾದ್ದರಿಂದ ಅವರನ್ನು ಎತ್ತಿ ಕೂರಿಸದೆ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು. ಪವರ್ ಟಿಲ್ಲರಿಗೆ ಸಿಕ್ಕಿದ ಪಾದದಲ್ಲಿ ಮೂಳೆ ಹೊರಗೆ ಕಂಡರೆ ಒಗೆದ ಬಟ್ಟೆ ಮುಚ್ಚಿ, ಕೂಡಲೇ 108ಕ್ಕೆ ಕರೆ ಮಾಡಬೇಕು. ಇಂತಹ ಗಾಯವನ್ನು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ತೊಳೆದು ಸತ್ತ ಭಾಗವನ್ನು ತೆಗೆಯುವುದು ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು.

ನೋವು ತಿಳಿಯದ ಪಾದ

ಸಕ್ಕರೆ ಕಾಯಿಲೆ ಪಟ್ಟಣದವರದು ಎಂಬ ನಂಬಿಕೆ ಈಗ ನಿಜವಲ್ಲ. ದುಡಿಯುವ ಮೈಯಲ್ಲೂ ಅದು ಬರುತ್ತದೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ಮೂರು ಕೆಡಕುಗಳು ಒಟ್ಟಿಗೆ ಸೇರುತ್ತವೆ. ನರಗಳು ಕೆಟ್ಟು ಸ್ಪರ್ಶ ಮತ್ತು ನೋವು ತಿಳಿಯುವುದಿಲ್ಲ. ರಕ್ತನಾಳಗಳು ಕಿರಿದಾಗಿ ಪಾದಕ್ಕೆ ರಕ್ತ ಸಾಲುವುದಿಲ್ಲ. ರೋಗಾಣುಗಳನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ. ಮುಳ್ಳು ಚುಚ್ಚಿದ್ದು ತಿಳಿಯದು, ಚುಚ್ಚಿದ್ದು ಮಾಯದು, ಮಾಯದ ಗಾಯದಲ್ಲಿ ಕೀವು ನಿಲ್ಲದು. ಚಪ್ಪಲಿ ಕಳಚಿ ಬಿದ್ದರೂ ತಿಳಿಯದಿರುವುದು, ರಾತ್ರಿ ಪಾದ ಉರಿಯುವುದು, ಹತ್ತಿಯ ಮೇಲೆ ನಡೆದಂತೆ ಅನಿಸುವುದು ಇದರ ಮುನ್ಸೂಚನೆಗಳು.

ನೋವಿನ ಬೆಲೆಯನ್ನು ವೈದ್ಯಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ಡಾ. ಪಾಲ್ ಬ್ರ್ಯಾಂಡ್ ಮುಖ್ಯರು. ಅವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಉದುರುತ್ತವೆ ಎಂದು ಜನ ನಂಬಿದ್ದ ಕಾಲವದು. ನೋವು ತಿಳಿಯದ ಕೈಕಾಲಿಗೆ ದಿನವೂ ಆಗುವ ಗಾಯಗಳಿಂದಲೇ ಅವು ನಾಶವಾಗುತ್ತವೆಂದು ಅವರು ತೋರಿಸಿದರು. ನರ ಕೆಟ್ಟು ಪಾದದ ಮುಂಭಾಗ ಜೋಲು ಬಿದ್ದವರಿಗೆ ಬೇರೊಂದು ಸ್ನಾಯುರಜ್ಜನ್ನು ಅಲ್ಲಿಗೆ ತಂದು ಜೋಡಿಸಿ ಪಾದ ಎತ್ತುವಂತೆ ಮಾಡುವ ಶಸ್ತ್ರಚಿಕಿತ್ಸೆಯೂ ಇದೆ. ಕುಷ್ಠರೋಗಕ್ಕೆ 6 ಅಥವಾ 12 ತಿಂಗಳ ಉಚಿತ ಔಷಧಿಯಿದೆ. ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಮುಚ್ಚಿಡಬಾರದು.

ಬೀಡಿ, ಸಿಗರೇಟು ಸೇದುವವರ ಪಾದಕ್ಕೆ ಇನ್ನೊಂದು ಅಪಾಯವಿದೆ. ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವುದು, ರಾತ್ರಿ ಬೆರಳುಗಳು ತೀವ್ರವಾಗಿ ನೋಯುವುದು, ತುದಿ ಕಪ್ಪಾಗುವುದು ರಕ್ತನಾಳ ಮುಚ್ಚುತ್ತಿರುವುದರ ಚಿಹ್ನೆಗಳು. ನಲವತ್ತು ದಾಟದ ಗಂಡಸರಲ್ಲೂ ಇದು ಬರುತ್ತದೆ. ಬೀಡಿ ಪೂರ್ತಿ ಬಿಡದ ಹೊರತು ಯಾವ ಶಸ್ತ್ರಚಿಕಿತ್ಸೆಯೂ ಆ ಕಾಲನ್ನು ಉಳಿಸಲಾರದು.

ನೋವಿಲ್ಲದ ಹುಣ್ಣಿಗೆ ಹಂತಹಂತವಾದ ಶಸ್ತ್ರಚಿಕಿತ್ಸೆಗಳಿವೆ:

1. ಸತ್ತ ಚರ್ಮ, ಮಾಂಸವನ್ನು ಕತ್ತರಿಸಿ ತೆಗೆದು ಗಾಯವನ್ನು ಶುಚಿಮಾಡುವುದು. ಆ ಜಾಗಕ್ಕೆ ಭಾರ ಬೀಳದಂತೆ ವಿಶೇಷ ಪ್ಲಾಸ್ಟರ್ ಅಥವಾ ಪಾದರಕ್ಷೆ ಕೊಡುವುದು.

2. ಕೀವನ್ನು ಕೊಯ್ದು ಹೊರಬಿಡುವುದು. ಇದು ತುರ್ತಿನದು.

3. ರಕ್ತನಾಳ ಮುಚ್ಚಿದ್ದರೆ ಬಲೂನಿನಿಂದ ಹಿಗ್ಗಿಸುವುದು ಅಥವಾ ಬೇರೆ ನಾಳ ಜೋಡಿಸುವುದು.

4. ಶುಚಿಯಾದ ದೊಡ್ಡ ಗಾಯಕ್ಕೆ ತೊಡೆಯ ಚರ್ಮ ತಂದು ಹೊದಿಸುವುದು.

5. ಕೊಳೆತ ಬೆರಳನ್ನು ತೆಗೆಯುವುದು.

6. ಇವೆಲ್ಲಕ್ಕೂ ಕಾಲ ಮೀರಿದಾಗ ಪ್ರಾಣ ಉಳಿಸಲು ಕಾಲನ್ನು ತೆಗೆಯುವುದು.

ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆ ಎಂಬ ಹೆದರಿಕೆಯಿಂದಲೇ ಬಹಳ ಜನ ಮೊದಲ ಹಂತವನ್ನು ದಾಟಿ ಆರನೆಯ ಹಂತಕ್ಕೆ ಬರುತ್ತಾರೆ. ಕೊರಕ ಹುಳು ಮೊಟ್ಟೆಯಿಂದ ಹೊರಬಂದಾಗ ಔಷಧಿ ಹೊಡೆಯದೆ ತೆನೆ ಬೆಳ್ಳಗಾದ ಮೇಲೆ ಹೊಡೆದಂತೆ ಇದು. ಬೇಗ ಹೋದರೆ ಚರ್ಮದಲ್ಲೇ ಮುಗಿಯುತ್ತದೆ, ತಡವಾದರೆ ಬೆರಳು ಹೋಗುತ್ತದೆ, ಇನ್ನೂ ತಡವಾದರೆ ಕಾಲು ಹೋಗುತ್ತದೆ.

ಕಾಲು ಹೋದವರೂ ಹೊಲಕ್ಕೆ ಮರಳಬಹುದು. ಜೈಪುರದಲ್ಲಿ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮರು 1960ರ ದಶಕದ ಕೊನೆಯಲ್ಲಿ ರೂಪಿಸಿದ ರಬ್ಬರಿನ ಜೈಪುರ ಪಾದ ನಮ್ಮ ದೇಶದ ಬರಿಗಾಲಿನ ರೈತನನ್ನು ಗಮನದಲ್ಲಿಟ್ಟು ಮಾಡಿದ್ದು. ಅದಕ್ಕೆ ಬೂಟು ಬೇಕಿಲ್ಲ. ಕುಕ್ಕರಗಾಲಿನಲ್ಲಿ ಕೂರಬಹುದು, ಕೆಸರಿನಲ್ಲಿ ಇಳಿಯಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೊದಲು ಹೇಳಿದ ನರಸೀಪುರದ ರೈತರು ಈಗ ಕೃತಕ ಕಾಲಿನಲ್ಲಿ ತಮ್ಮ ಬದುವಿನ ಮೇಲೆ ನಡೆಯುತ್ತಾರೆ. ಆದರೆ ಉಳಿದ ಇನ್ನೊಂದು ಪಾದಕ್ಕೂ ಅದೇ ಅಪಾಯವಿರುವುದರಿಂದ ಅದನ್ನು ಅವರ ಸೊಸೆ ದಿನವೂ ಸಂಜೆ ನೋಡುತ್ತಾರೆ.

ಮಕ್ಕಳ ಸೊಟ್ಟಪಾದ

ಸಾವಿರ ಮಕ್ಕಳಲ್ಲಿ ಒಂದೆರಡಕ್ಕೆ ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟುವುದುಂಟು. ಇದು ಗ್ರಹಣದಿಂದಾಗಲಿ ಶಾಪದಿಂದಾಗಲಿ ಬಂದುದಲ್ಲ. ಅಮೆರಿಕದ ಅಯೋವಾದಲ್ಲಿ ಡಾ. ಪೊನ್ಸೆಟಿ ರೂಪಿಸಿದ ಕ್ರಮದಲ್ಲಿ ಹುಟ್ಟಿದ ಮೊದಲ ವಾರಗಳಿಂದಲೇ ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ಐದಾರು ಪ್ಲಾಸ್ಟರುಗಳ ನಂತರ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹುರಿಯನ್ನು ಬಿಡಿಸುವ ಚಿಕ್ಕ ಕೊಯ್ತವೊಂದು ಬೇಕಾಗುತ್ತದೆ. ಆ ಹುರಿ ಮತ್ತೆ ಉದ್ದವಾಗಿ ಕೂಡಿಕೊಳ್ಳುತ್ತದೆ. ನಂತರ ಮೂರು ತಿಂಗಳು ಹಗಲು ರಾತ್ರಿ, ಆಮೇಲೆ ನಾಲ್ಕೈದು ವರ್ಷದವರೆಗೆ ಮಲಗುವಾಗ ಪಟ್ಟಿಬೂಟು ಹಾಕಬೇಕು. ಪಾದ ನೇರವಾಯಿತೆಂದು ಬೂಟು ಬಿಟ್ಟರೆ ಮತ್ತೆ ಸೊಟ್ಟಗಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ತೊಂದರೆಯೂ ಸೇರಿದೆ. ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿಯಲ್ಲಿ ತಿಳಿಸಿದರೆ ಮುಂದಿನ ದಾರಿ ತೋರಿಸುತ್ತಾರೆ.

ಬೇಸಾಯ ಕ್ರಮದಲ್ಲಿಯೇ ಪಾದ ರಕ್ಷಣೆ

ಪಾದಕ್ಕೆ ಒಳ್ಳೆಯದಾದ ಹಲವು ಕ್ರಮಗಳು ಬೆಳೆಗೂ ಒಳ್ಳೆಯವೇ ಆಗಿವೆ.

1. ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು. ಉಳಿದ ಕೂಳೆಯನ್ನು ಕಟಾವಾದ ಒಂದು ವಾರದೊಳಗೆ ಹರಿತವಾದ ಗುದ್ದಲಿಯಿಂದ ನೆಲಸಮ ಸವರಬೇಕು. ಬುಡದ ಗೆಣ್ಣುಗಳಲ್ಲಿ ಸಕ್ಕರೆ ಹೆಚ್ಚು. ನೆಲದೊಳಗಿನ ಕಣ್ಣುಗಳಿಂದ ಬರುವ ಮೊಳಕೆ ಬಲವಾಗಿ ಬೇರೂರುತ್ತದೆ. ಕೂಳೆ ಸವರಿದ ಮೇಲೆಯೇ ತರಗನ್ನು ಸಾಲು ಬಿಟ್ಟು ಸಾಲಿಗೆ ಹಾಸಬೇಕು. ಸವರದೆ ತರಗು ಹಾಸಿದರೆ ಮೊನೆಗಳನ್ನು ಮುಚ್ಚಿಟ್ಟಂತಾಗುತ್ತದೆ.

2. ಹಿಪ್ಪುನೇರಳೆಯನ್ನು ಗರಗಸ ಅಥವಾ ಕತ್ತರಿಯಿಂದ ಸೀಳದಂತೆ ಸವರಬೇಕು. ಮಚ್ಚಿನಿಂದ ಓರೆಯಾಗಿ ಕಡಿದ ಬುಡ ಗೂಟದಂತೆ ಚುಚ್ಚುತ್ತದೆ. ಹತ್ತಿಕಡ್ಡಿಯನ್ನು ಕಡಿಯುವ ಬದಲು ಬೇರುಸಹಿತ ಕೀಳಬೇಕು. ಕೀಟಗಳ ಹತೋಟಿಗೂ ಅನುಕೂಲ.

3. ಭತ್ತದ ನಾಟಿಯ ಮೊದಲ ದಿನಗಳಲ್ಲಿ 2ರಿಂದ 3 ಸೆಂ.ಮೀ., ನಂತರ 5 ಸೆಂ.ಮೀ. ನೀರು ಸಾಕು. ಮೇಲುಗೊಬ್ಬರಕ್ಕೆ ಹೇಗೂ ನೀರು ಬಸಿಯಬೇಕು. ಕಳೆಯನ್ನೂ ಆಗಲೇ ತೆಗೆಸಿದರೆ ಆಳುಗಳ ಪಾದ ನೀರಿನಲ್ಲಿರುವ ಹೊತ್ತು ಕಡಿಮೆಯಾಗುತ್ತದೆ. ಯಂತ್ರನಾಟಿ ಮತ್ತು ಡ್ರಮ್ ಸೀಡರ್ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

4. ಕಬ್ಬು, ಹಿಪ್ಪುನೇರಳೆ ತೋಟಗಳಲ್ಲಿ ಗಟ್ಟಿ ಅಟ್ಟೆಯ ಮುಚ್ಚಿದ ಬೂಟು ಹಾಕಬೇಕು. ಹವಾಯಿ ಚಪ್ಪಲಿಯನ್ನು ಕೂಳೆ ತೂರಿಬರುತ್ತದೆ. ರಾತ್ರಿ ನೀರು ಕಟ್ಟಲು ಹೋಗುವಾಗ ಗಂಬೂಟು ಮತ್ತು ಬ್ಯಾಟರಿ ಇರಲಿ; ಹಾವು ಕಚ್ಚುವುದು ಹೆಚ್ಚಾಗಿ ಪಾದ, ಹರಡಿನ ಭಾಗಕ್ಕೆ. ಸ್ಪರ್ಶ ಕಡಿಮೆಯಾದವರಿಗೆ ಒಳಗೆ ಮೆತ್ತಗೆ, ಹೊರಗೆ ಗಟ್ಟಿ ಇರುವ ಎಂ.ಸಿ.ಆರ್. ಚಪ್ಪಲಿ ಸೂಕ್ತ. ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ನೋಡಬೇಕು.

5. ನಂಜನಗೂಡಿನ ದೊಡ್ಡ ಜಾತ್ರೆ ಬರುವುದು ಬಿಸಿಲೇರುವ ಕಾಲದಲ್ಲಿ. ಸಕ್ಕರೆ ಕಾಯಿಲೆಯವರು ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಿಂತರೆ ಬೊಕ್ಕೆ ಎದ್ದದ್ದೂ ತಿಳಿಯುವುದಿಲ್ಲ. ನಸುಕಿನಲ್ಲಿಯೇ ದರ್ಶನ ಮುಗಿಸುವುದು ಒಳ್ಳೆಯದು.

ಎಲ್ಲಿಗೆ ಹೋಗಬೇಕು?

ಗಾಯ ತೊಳೆಸಲು, ಲಸಿಕೆಗೆ, ಸಕ್ಕರೆ ಪರೀಕ್ಷೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಎಕ್ಸ್‌ರೇ, ಕುರು ಕೊಯ್ಯಿಸುವುದು ಮುಂತಾದವಕ್ಕೆ ನಂಜನಗೂಡು ಮತ್ತು ನರಸೀಪುರದ ತಾಲ್ಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ಶಸ್ತ್ರಚಿಕಿತ್ಸೆಗೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆದ್ಯತಾ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಸಹಕಾರ ಸಂಘಗಳ ಸದಸ್ಯರಿಗೆ 2003ರಲ್ಲಿ ಆರಂಭವಾಗಿ ನಡುವೆ ನಿಂತಿದ್ದ ಯಶಸ್ವಿನಿ ಯೋಜನೆ 2022ರಲ್ಲಿ ಮರುಜಾರಿಗೆ ಬಂದಿತು. ನೋಂದಣಿಯ ಅವಧಿಯನ್ನು ಸಂಘದಲ್ಲಿಯೇ ವಿಚಾರಿಸಿಕೊಳ್ಳಬೇಕು.

ಸಂಜೆಯ ಐದು ನಿಮಿಷ

ವಿಸ್ತರಣಾ ಕಾರ್ಯಕರ್ತರು ಕ್ಷೇತ್ರೋತ್ಸವಗಳಲ್ಲಿ ಈ ಕೆಳಗಿನ ಪಾಠವನ್ನು ಮಾಡಿ ತೋರಿಸಬೇಕೆಂದು ಕೋರುತ್ತೇನೆ. ಇದಕ್ಕೆ ಬೇಕಾದದ್ದು ಒಂದು ಬಕೆಟ್ ನೀರು, ಸೋಪು, ಒಣಬಟ್ಟೆ ಮತ್ತು ಒಂದು ಕನ್ನಡಿ.

• ಪಾದಗಳನ್ನು ತೊಳೆದು ಬೆರಳ ಸಂದಿಗಳನ್ನು ಒರೆಸಿ. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ.

• ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಸಂದಿಗಳನ್ನು ನೋಡಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಕಣ್ಣು ಮಂಜಾದವರ ಪಾದವನ್ನು ಮನೆಯ ಮಕ್ಕಳು ನೋಡಲಿ.

• ಕಣ್ಣು ಮುಚ್ಚಿ ಕುಳಿತವರ ಬೆರಳ ತುದಿಗಳನ್ನು ಇನ್ನೊಬ್ಬರು ಹಗುರವಾಗಿ ಮುಟ್ಟಲಿ. ಮುಟ್ಟಿದ್ದು ತಿಳಿಯದಿದ್ದರೆ ಅದೇ ವಾರ ವೈದ್ಯರಲ್ಲಿಗೆ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ.

• ಗಾಯದ ಸುತ್ತ ಕೆಂಪು ಹರಡುವುದು, ವಾಸನೆ, ಕೀವು, ಜ್ವರ, ಕಪ್ಪು ಬಣ್ಣ ಇವುಗಳಲ್ಲಿ ಯಾವೊಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.

• ಸಕ್ಕರೆ ಕಾಯಿಲೆಯವರ ಪಾದದಲ್ಲಿ ಎಷ್ಟೇ ಚಿಕ್ಕ ಗಾಯವಾಗಲಿ, ನೋವಿರಲಿ ಇಲ್ಲದಿರಲಿ, ಮರುದಿನದೊಳಗೆ ವೈದ್ಯರಿಗೆ ತೋರಿಸಿ.

ಬೆಳೆಯನ್ನು ದಿನವೂ ಸುತ್ತಿ ನೋಡುವ ರೈತ ರೋಗವನ್ನು ಮೊದಲ ಎಲೆಯಲ್ಲಿಯೇ ಹಿಡಿಯುತ್ತಾನೆ. ಅದೇ ಕಣ್ಣನ್ನು ಸಂಜೆ ಐದು ನಿಮಿಷ ಪಾದದ ಮೇಲೆ ಇಟ್ಟರೆ ಸಾಕು. “ನೋವೇನಿಲ್ಲ” ಎಂದು ಯಾರಾದರೂ ಹೇಳಿದಾಗ ನಾನೀಗ ಸಮಾಧಾನಪಡುವುದಿಲ್ಲ. ಕೂರಿಸಿ, ಕಾಲು ತೋರಿಸಿ ಎನ್ನುತ್ತೇನೆ. ರೈತ ಬಾಂಧವರೂ ಹಾಗೆಯೇ ಮಾಡಬೇಕೆಂದು ವಿನಂತಿ.